ಕಾಲೇಜ್ ಫುಟ್‌ಬಾಲಿಗೆ ರನ್ನಿಂಗ್ ಬ್ಯಾಕ್ ಆರಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳ ಮಕ್ಕಳು ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್‌ಬಾಲ್ ನೋಡಲು ಹೋಗುತ್ತಾರೆ. ಕೆಲವರು ಆಡುತ್ತಾರೆ ಕೂಡ. ಹಾಗಾಗಿ ಸಂಘದ ಊಟದ ಸಾಲಿನಲ್ಲಿ, ಫೋನಿನಲ್ಲಿ, ಮೇಲ್‌ನಲ್ಲಿ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಜಾಸ್ತಿ ಸಲ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಕಷ್ಟದವು.

## ಆಟ ಹೊಸದಾದವರಿಗೆ

ರನ್ನಿಂಗ್ ಬ್ಯಾಕ್ ಅಂದ್ರೆ ಯಾರು? ಸುಮ್ನೆ ಬಾಲ್ ಹಿಡ್ಕೊಂಡು ಓಡೋನಾ?

ಓಡುವುದು ಮೂರು ಕೆಲಸಗಳಲ್ಲಿ ಒಂದು. ಅಮೆರಿಕನ್ ಫುಟ್‌ಬಾಲಿನಲ್ಲಿ ಒಂದು ತಂಡದ 11 ಜನ ನಾಲ್ಕು ಪ್ರಯತ್ನದೊಳಗೆ 10 ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಬಾಲ್ ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಅವನ ಪಕ್ಕದಲ್ಲೋ ಹಿಂದೆಯೋ ನಿಂತಿರುವವನು ರನ್ನಿಂಗ್ ಬ್ಯಾಕ್. ಬಾಲ್ ಕೈಗೆ ಕೊಟ್ಟರೆ ಓಡಬೇಕು, ಎಸೆದರೆ ಹಿಡಿಯಬೇಕು, ಎರಡೂ ಇಲ್ಲದಾಗ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರುವವನಿಗೆ ಅಡ್ಡ ನಿಲ್ಲಬೇಕು. ಟೀವಿಯಲ್ಲಿ ನಮಗೆ ಕಾಣುವುದು ಮೊದಲನೆಯದು. ಕಾಲೇಜಿಗೆ ಬಂದ ಹೊಸ ಹುಡುಗ ಬೆಂಚ್ ಮೇಲೆ ಕೂರಬೇಕಾಗುವುದು ಹೆಚ್ಚಾಗಿ ಮೂರನೆಯದು ಬಾರದೇ ಇರುವುದರಿಂದ.

ಕಾಲೇಜಿನವರು ಹುಡುಗರನ್ನ ಯಾವಾಗ, ಹೇಗೆ ಹಿಡೀತಾರೆ?

ಹೈಸ್ಕೂಲಿನ ಆಟಗಳ ವಿಡಿಯೋ ಹಡಲ್ ಎಂಬ ವೆಬ್‌ಸೈಟಿನಲ್ಲಿ ಸೇರುತ್ತದೆ. ಕಾಲೇಜ್ ಕೋಚ್‌ಗಳು ಅಲ್ಲಿ ನೋಡುತ್ತಾರೆ, ಹೈಸ್ಕೂಲ್ ಕೋಚ್ ಜೊತೆ ಮಾತಾಡುತ್ತಾರೆ, ಕ್ಯಾಂಪಿಗೆ ಕರೆಸುತ್ತಾರೆ, ಇಷ್ಟವಾದರೆ ನಮ್ಮ ತಂಡಕ್ಕೆ ಬಾ ಅಂತ ಆಫರ್ ಕೊಡುತ್ತಾರೆ. ಒಳ್ಳೆಯ ಹುಡುಗರಿಗೆ ಒಂಬತ್ತು, ಹತ್ತನೇ ಕ್ಲಾಸಿನಲ್ಲೇ ಆಫರ್ ಬರುತ್ತದೆ. ಆದರೆ ಸಹಿ ಬೀಳುವ ತನಕ ಆ ಆಫರ್ ಬಾಯಿಮಾತು ಅಷ್ಟೇ. ಎರಡೂ ಕಡೆಯವರು ಮನಸ್ಸು ಬದಲಿಸಬಹುದು, ಬದಲಿಸುತ್ತಾರೆ ಕೂಡ. ಮೊದಲೆಲ್ಲ ಫೆಬ್ರವರಿಯ ಮೊದಲ ಬುಧವಾರ ಸಹಿ ಹಾಕುವ ದಿನವಾಗಿತ್ತು. 2017ರಿಂದ ಡಿಸೆಂಬರಿನಲ್ಲೂ ಸಹಿ ಹಾಕಬಹುದು, ಈಗ ಬಹುತೇಕ ಹುಡುಗರು ಆಗಲೇ ಮುಗಿಸಿಬಿಡುತ್ತಾರೆ. ಒಂದು ಕಾಲೇಜು ವರ್ಷಕ್ಕೆ ಸಾಮಾನ್ಯವಾಗಿ ಒಬ್ಬರನ್ನೋ ಇಬ್ಬರನ್ನೋ ಮಾತ್ರ ಈ ಜಾಗಕ್ಕೆ ತೆಗೆದುಕೊಳ್ಳುತ್ತದೆ. ಪೈಪೋಟಿ ಯಾಕೆ ಜಾಸ್ತಿ ಅಂತ ಇದರಿಂದಲೇ ಗೊತ್ತಾಗುತ್ತದೆ.

ಮೂರು ಸ್ಟಾರ್, ಐದು ಸ್ಟಾರ್ ಅಂತಾರಲ್ಲ, ಕೊಡೋರು ಯಾರು?

247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಥರದ ಸಂಸ್ಥೆಗಳು. ಕಾಲೇಜುಗಳಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಐದು ಸ್ಟಾರ್ ಅಂದರೆ ಮುಂದೆ ಎನ್‌ಎಫ್‌ಎಲ್ (ದುಡ್ಡಿಗೆ ಆಡುವ ವೃತ್ತಿಪರ ಲೀಗ್) ಡ್ರಾಫ್ಟಿನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದರ, ಮೊದಲ ಸುತ್ತಿಗೆ ಹೋಗಬಹುದಾದ ಹುಡುಗ ಎಂಬ ಅಂದಾಜು. ಅದಕ್ಕೇ 247ಸ್ಪೋರ್ಟ್ಸ್ ಒಂದು ಬ್ಯಾಚಿಗೆ 32ರ ಆಸುಪಾಸಿನಲ್ಲಿ ಐದು ಸ್ಟಾರ್ ಕೊಡುತ್ತದೆ, ಮೊದಲ ಸುತ್ತಿನಲ್ಲಿ ಆರಿಸುವವರೂ ಅಷ್ಟೇ. ದೊಡ್ಡ ಕಾಲೇಜುಗಳಿಗೆ ಸೇರುವ ಹುಡುಗರಲ್ಲಿ ಮೂರು ಸ್ಟಾರಿನವರೇ ಬಹಳ. ಆ ಗುಂಪಿನೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರ ಇರಬಹುದು, ಸ್ಟಾರ್ ನೋಡಿದರೆ ಅದು ತಿಳಿಯುವುದಿಲ್ಲ.

ಮಗ ಗಿಡ್ಡ ಇದ್ದಾನೆ. ಈ ಜಾಗಕ್ಕೆ ಆಗ್ತಾನಾ?

ಆಗಬಹುದು. ಫುಟ್‌ಬಾಲಿನಲ್ಲಿ ಎತ್ತರ ಕಡಿಮೆ ಇದ್ದರೂ ನಡೆಯುವ ಕೆಲವೇ ಜಾಗಗಳಲ್ಲಿ ಇದೊಂದು. ಬ್ಯಾರಿ ಸ್ಯಾಂಡರ್ಸ್ 5 ಅಡಿ 8 ಇಂಚು. ಹೈಸ್ಕೂಲ್ ಮುಗಿಸಿದಾಗ ಅವರನ್ನು ಕೇಳಿದ ಕಾಲೇಜುಗಳು ತೀರಾ ಕಡಿಮೆ. ಅದೇ ಮನುಷ್ಯ 1988ರಲ್ಲಿ ಒಕ್ಲಹೋಮ ಸ್ಟೇಟ್‌ಗೆ 11 ಆಟಗಳಲ್ಲಿ 2,628 ಯಾರ್ಡ್ ಓಡಿದರು, ಆ ದಾಖಲೆ ಇವತ್ತಿಗೂ ನಿಂತಿದೆ. 2024ರಲ್ಲಿ ಅದರ ಹತ್ತಿರಕ್ಕೆ, ಬರೀ 27 ಯಾರ್ಡ್ ದೂರಕ್ಕೆ ಬಂದ ಬಾಯ್ಸಿ ಸ್ಟೇಟಿನ ಆಷ್ಟನ್ ಜೆಂಟಿ ಕೂಡ 5 ಅಡಿ 9 ಇಂಚು ದಾಟದವನು. ಆದರೆ ತೂಕ ನೋಡಿ: 211 ಪೌಂಡ್, ಅಂದರೆ ಸುಮಾರು 96 ಕೆಜಿ. ಗಿಡ್ಡ ಇರಬಹುದು, ಸಣಕಲು ಇರಬಾರದು. ತೊಡೆ, ಸೊಂಟ ಗಟ್ಟಿ ಇರಬೇಕು. ನೆಲಕ್ಕೆ ಹತ್ತಿರ ಇರುವ ಭಾರವನ್ನು ಬೀಳಿಸುವುದು ಕಷ್ಟ, ಅದಕ್ಕೇ ಕೋಚ್‌ಗಳು ಹುಡುಗ ಕೋಣೆಗೆ ಬಂದ ತಕ್ಷಣ ಮೊದಲು ಕಾಲು ನೋಡುತ್ತಾರೆ.

ಉದ್ದದವರಿಗೆ ಬೇರೆ ಥರದ ಅನುಮಾನ. ಡೆರಿಕ್ ಹೆನ್ರಿ 6 ಅಡಿ 3 ಇಂಚು. ಹೈಸ್ಕೂಲಿನಲ್ಲಿದ್ದಾಗ ಕೆಲವು ಪಟ್ಟಿಗಳಲ್ಲಿ ಅವನ ಹೆಸರು ರನ್ನಿಂಗ್ ಬ್ಯಾಕ್ ಅಂತ ಇರಲಿಲ್ಲ, ‘ಅಥ್ಲೀಟ್’ ಅಂತ ಇತ್ತು. ಇಷ್ಟು ಎತ್ತರದವನು ಬಗ್ಗಿ ಓಡಲಾರ, ಡಿಫೆನ್ಸಿಗೆ ಹಾಕೋಣ ಎಂಬ ಮಾತೂ ಇತ್ತು. 2015ರಲ್ಲಿ ಅಲಬಾಮಾಗೆ 2,219 ಯಾರ್ಡ್ ಓಡಿ ಆ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ತೆಗೆದುಕೊಂಡ.

## ಅಂಕಿಗಳ ಬಗ್ಗೆ

ಪಕ್ಕದ ಊರಿನ ಹುಡುಗ ಒಂದೇ ಸೀಸನ್ನಿಗೆ 3,000 ಯಾರ್ಡ್ ಓಡಿದಾನೆ. ಆದ್ರೂ ಯಾರೂ ಕೇಳ್ತಿಲ್ಲ ಯಾಕೆ?

ಯಾರ ಎದುರು ಓಡಿದ, ಯಾರ ಹಿಂದೆ ಓಡಿದ, ಎಷ್ಟು ಸಲ ಓಡಿದ ಅನ್ನೋದು ಆ ಒಂದು ಅಂಕಿಯಲ್ಲಿ ಇಲ್ಲ. ಟೆಕ್ಸಸ್‌ನ ಅತಿ ದೊಡ್ಡ ಶಾಲೆಗಳ 6ಎ ವಿಭಾಗದಲ್ಲಿ 1,400 ಯಾರ್ಡ್ ಓಡುವುದಕ್ಕೂ, ಸಣ್ಣ ಶಾಲೆಗಳ ವಿಭಾಗದಲ್ಲಿ 3,000 ಓಡುವುದಕ್ಕೂ ಬಹಳ ವ್ಯತ್ಯಾಸ. ಸಣ್ಣ ಶಾಲೆಯಲ್ಲಿ ಎದುರಿನ ಲೈನ್‌ಬ್ಯಾಕರ್ (ಓಡುವವನನ್ನು ತಡೆಯಲು ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವವನು) 160 ಪೌಂಡಿನ ಹುಡುಗನಾಗಿರಬಹುದು. ಕೆಲವು ಶಾಲೆಗಳು ವಿಂಗ್-ಟಿ ಥರದ ಹಳೆಯ ಪದ್ಧತಿಯಲ್ಲಿ ಪಾಸ್ ಎಸೆಯುವುದೇ ಅಪರೂಪ, ಆಟಕ್ಕೆ 40 ಸಲ ಓಡುತ್ತಲೇ ಇರುತ್ತವೆ, ಅಂಕಿ ತಾನಾಗಿ ಏರುತ್ತದೆ. ಇನ್ನೊಂದು ಕಡೆ, ಬಲವಾದ ತಂಡದ ಹುಡುಗ ಅರ್ಧ ಆಟಕ್ಕೇ ತಂಡ 35 ಪಾಯಿಂಟ್ ಮುಂದಾದ ಮೇಲೆ ಬೆಂಚಿನಲ್ಲಿ ಕೂತಿರುತ್ತಾನೆ. ಅವನ ಒಟ್ಟು ಯಾರ್ಡ್ ಕಡಿಮೆ ಕಾಣುತ್ತದೆ.

ಹಾಗಂತ ದೊಡ್ಡ ಅಂಕಿಯನ್ನು ತಳ್ಳಿಹಾಕಲೂ ಬಾರದು. ಹೆನ್ರಿ ಫ್ಲಾರಿಡಾದ ಯೂಲೀ ಎಂಬ ಸಣ್ಣ ಊರಿನ ಹೈಸ್ಕೂಲಿಗೆ ಒಟ್ಟು 12,124 ಯಾರ್ಡ್ ಓಡಿ ರಾಷ್ಟ್ರೀಯ ದಾಖಲೆ ಮಾಡಿದ್ದ. ಅದು ನಿಜವಾದ ಸೂಚನೆಯೇ ಆಗಿತ್ತು. ಅಂಕಿ ಟೇಪ್, ಅಂದರೆ ಆಟದ ವಿಡಿಯೋ, ನೋಡಲು ಕಾರಣ ಕೊಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು.

40 ಯಾರ್ಡ್ 4.4 ಸೆಕೆಂಡ್ ಅಂತ ಹಾಕಿದಾರೆ. ನಂಬಬಹುದಾ?

ಯಾರು, ಯಾವುದರಲ್ಲಿ ಅಳೆದರು ಅಂತ ಮೊದಲು ಕೇಳಿ. ಕೋಚ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದರೆ ಎಲೆಕ್ಟ್ರಾನಿಕ್ ಯಂತ್ರಕ್ಕಿಂತ ಸುಮಾರು 0.2 ಸೆಕೆಂಡ್ ಚುರುಕಾಗಿ ಬರುತ್ತದೆ. ಹುಡುಗ ಹೊರಟಿದ್ದನ್ನು ಕಣ್ಣು ನೋಡಿ ಹೆಬ್ಬೆರಳು ಒತ್ತುವಷ್ಟರಲ್ಲಿ ಅವನು ಹೊರಟಾಗಿರುತ್ತದೆ. ಆ 4.4 ನಿಜಕ್ಕೆ 4.6 ಇರಬಹುದು. ಈ ಆಟದಲ್ಲಿ ಅದು ದೊಡ್ಡ ಅಂತರ.

ನಾನು ನಂಬುವುದು ಟ್ರ್ಯಾಕ್ ಓಟದ ಟೈಮ್. ರಾಜ್ಯ ಮಟ್ಟದ 100 ಮೀಟರ್ ಓಟದಲ್ಲಿ ಯಂತ್ರ ಅಳೆಯುತ್ತದೆ, ಗಾಳಿಯ ವೇಗವನ್ನೂ ಬರೆದಿರುತ್ತಾರೆ, ಪಕ್ಕದಲ್ಲಿ ಇನ್ನೂ ಏಳು ಜನ ಓಡುತ್ತಿರುತ್ತಾರೆ. 200 ಪೌಂಡಿನ ಹುಡುಗ ಅಲ್ಲಿ 10.8 ಓಡಿದ್ದಾನೆ ಅಂದರೆ ವೇಗದ ಬಗ್ಗೆ ಇನ್ನು ಚರ್ಚೆ ಬೇಡ. ನ್ಯೂಜೆರ್ಸಿಯ ಸೇಲಂ ಎಂಬ ಊರಿನ ಜೊನಾಥನ್ ಟೇಲರ್ ಹೈಸ್ಕೂಲಿನಲ್ಲಿ 100 ಮೀಟರ್ ರಾಜ್ಯ ಚಾಂಪಿಯನ್. ಸ್ಟಾರ್ ಮೂರೇ. ವಿಸ್ಕಾನ್ಸಿನ್ ತೆಗೆದುಕೊಂಡಿತು, ಮೂರು ವರ್ಷದಲ್ಲಿ 6,174 ಯಾರ್ಡ್ ಓಡಿದ. ಮುಂದೆ ಎನ್‌ಎಫ್‌ಎಲ್ ಪರೀಕ್ಷೆಯಲ್ಲಿ 226 ಪೌಂಡ್ ಮೈತೂಕದಲ್ಲೇ 40 ಯಾರ್ಡನ್ನು 4.39ರಲ್ಲಿ ಮುಗಿಸಿದ. ಟ್ರ್ಯಾಕ್ ಹಾಳೆ ಅದನ್ನು ಮೊದಲೇ ಹೇಳಿತ್ತು.

ಇನ್ನೊಂದು ಮಾತು. ಹೆಚ್ಚಿನ ಓಟಗಳು 40 ಯಾರ್ಡ್ ಹೋಗುವುದೇ ಇಲ್ಲ. ಮೊದಲ 10 ಯಾರ್ಡನ್ನು ಎಷ್ಟು ಬೇಗ ಮುಟ್ಟುತ್ತಾನೆ ಅನ್ನೋದು ದಿನಾ ಬೇಕಾಗುವ ವೇಗ.

## ಟೇಪ್ ನೋಡುವಾಗ

ಹೈಲೈಟ್ ವಿಡಿಯೋ ನೋಡಿದ್ರೆ ಸಾಕಲ್ವಾ?

ಸಾಲದು. ಹೈಲೈಟ್ ಅಂದರೆ ಹುಡುಗ ತಾನೇ ಆರಿಸಿದ ತನ್ನ ಅತ್ಯುತ್ತಮ ಮೂರು ನಿಮಿಷ. ಅದರಲ್ಲಿ ಪ್ರತಿ ಓಟವೂ ಟಚ್‌ಡೌನ್, ಅಂದರೆ ಕೊನೆಯ ಗೆರೆ ದಾಟಿದ ಓಟ. ಲೈನಿನಲ್ಲಿ ಬಾಗಿಲಿನಷ್ಟು ಅಗಲ ಜಾಗ ಬಿಟ್ಟಿರುತ್ತದೆ, ಯಾರೂ ಮುಟ್ಟದೆ 60 ಯಾರ್ಡ್ ಓಡುತ್ತಾನೆ, ಹಾಡು ಜೋರಾಗಿ ಬರುತ್ತಿರುತ್ತದೆ. ಅಲ್ಲಿ ಗೊತ್ತಾಗುವುದು ವೇಗ ಒಂದೇ.

ಇಡೀ ಆಟದ ಟೇಪ್ ಕೇಳಿ. ಅದರಲ್ಲಿ ನಾನು ಹುಡುಕುವುದು ಕೆಟ್ಟ ಓಟಗಳನ್ನು. ಬ್ಲಾಕ್ (ಎದುರಾಳಿಗೆ ಅಡ್ಡ ನಿಲ್ಲುವುದು) ಮುರಿದು ಬಿದ್ದಿದೆ, ಒಂದು ಯಾರ್ಡ್ ಹಿಂದೆಯೇ ಎದುರಾಳಿ ಬಂದು ನಿಂತಿದ್ದಾನೆ, ಆಗ ಈ ಹುಡುಗ ಏನು ಮಾಡಿದ? ಎರಡು ಯಾರ್ಡ್ ಕಳೆದುಕೊಳ್ಳಬೇಕಾದ ಕಡೆ ಮೂರು ಯಾರ್ಡ್ ಗಳಿಸಿದನಾ? ಆ ಮೂರು ಯಾರ್ಡಿನ ಓಟವನ್ನು ಯಾರೂ ಹೈಲೈಟಿಗೆ ಹಾಕುವುದಿಲ್ಲ, ಆದರೆ ಕಾಲೇಜಿನಲ್ಲಿ ಅವನ ಬದುಕು ಪೂರ್ತಿ ಅಂಥ ಓಟಗಳೇ.

‘ವಿಷನ್’ ಅಂತಾರಲ್ಲ, ಅದನ್ನ ನಮ್ಮ ಕಣ್ಣಿಂದ ಹೇಗೆ ಗುರುತಿಸೋದು?

ಒಂದು ಪ್ಲೇ, ಅಂದರೆ ಒಂದು ಪ್ರಯತ್ನವನ್ನು ನಿಧಾನ ಮಾಡಿ ನೋಡೋಣ. ಇನ್‌ಸೈಡ್ ಝೋನ್, ಹೈಸ್ಕೂಲಿನಿಂದ ಎನ್‌ಎಫ್‌ಎಲ್ ತನಕ ಎಲ್ಲರೂ ಓಡುವ ಪ್ಲೇ. ಬ್ಯಾಕ್ ಕ್ವಾರ್ಟರ್‌ಬ್ಯಾಕಿನ ಎಡಕ್ಕೆ ನಿಂತಿದ್ದಾನೆ. ಬಾಲ್ ಸಿಗುತ್ತದೆ, ಬಲಗಡೆಗೆ ಹೊರಡುತ್ತಾನೆ. ಮುಂದೆ ಸಾಲಾಗಿ ನಿಂತು ದಾರಿ ಮಾಡುವ ಐದು ಜನ ಲೈನ್‌ಮನ್‌ಗಳೂ ಬಲಕ್ಕೆ ತಳ್ಳುತ್ತಿದ್ದಾರೆ. ಅವನ ಕಾಲು ನೋಡಬೇಡಿ, ಹೆಲ್ಮೆಟ್ ನೋಡಿ. ಮುಖ ಮೊದಲು ಎದುರಿನ ದೊಡ್ಡ ಡಿಫೆನ್ಸಿವ್ ಟ್ಯಾಕಲ್ ಕಡೆ ಇರಬೇಕು. ಆ ಟ್ಯಾಕಲ್ ಬಲಕ್ಕೆ ಬಂದು ದಾರಿ ಮುಚ್ಚಿದ ಅನ್ನಿ. ಅವಸರದ ಹುಡುಗ ಅಲ್ಲೇ, ಮೂರು ಯಾರ್ಡ್ ಹಿಂದೆಯೇ ಎಡಕ್ಕೆ ತಿರುಗಿಬಿಡುತ್ತಾನೆ. ಲೈನ್‌ಬ್ಯಾಕರ್ ಅದನ್ನು ನೋಡಿ ಅವನೂ ಎಡಕ್ಕೆ ಬರುತ್ತಾನೆ, ಆಟ ಮುಗಿಯಿತು. ಕಣ್ಣಿರುವ ಹುಡುಗ ಇನ್ನೊಂದು ಹೆಜ್ಜೆ ಬಲಕ್ಕೇ ಹಾಕುತ್ತಾನೆ, ಲೈನ್‌ಮನ್ ಬೆನ್ನಿಗೆ ಅಂಟುವಷ್ಟು ಹತ್ತಿರ ಹೋಗುತ್ತಾನೆ. ಅವನು ಬಲಕ್ಕೇ ಬರುತ್ತಾನೆ ಅಂತ ಲೈನ್‌ಬ್ಯಾಕರ್ ಜಾಗ ಬಿಡುತ್ತಾನೆ. ಆಗ ಬಲಗಾಲು ಊರಿ ಒಂದೇ ಹೆಜ್ಜೆಯಲ್ಲಿ ಎಡಕ್ಕೆ ತಿರುಗಿ ಖಾಲಿಯಾದ ಜಾಗದಲ್ಲಿ ಹೋಗುತ್ತಾನೆ.

ಆ ಒಂದು ಹೆಜ್ಜೆಯ ತಾಳ್ಮೆಯೇ ವಿಷನ್. ಒಂದು ಸಲ ಮಾಡಿದರೆ ಅದೃಷ್ಟ ಇರಬಹುದು. ಒಂದೇ ಆಟದಲ್ಲಿ ನಾಲ್ಕೈದು ಸಲ ಕಂಡರೆ ಹೆಸರು ಬರೆದಿಟ್ಟುಕೊಳ್ಳಿ. ಜೆಂಟಿಯ ಬಾಯ್ಸಿ ಟೇಪ್ ಇದಕ್ಕೆ ಒಳ್ಳೆಯ ಪಾಠ. ಬಾಲ್ ಬರುವ ಮೊದಲು ಎಲ್ಲರ ಹಾಗೆ ಮಂಡಿ ಬಗ್ಗಿಸದೆ, ಕೈ ಇಳಿಬಿಟ್ಟು ನೆಟ್ಟಗೆ ನಿಂತು ಎದುರಿನವರನ್ನೆಲ್ಲ ನೋಡುತ್ತಿರುತ್ತಾನೆ.

ಮುಟ್ಟಿದ ಕೂಡ್ಲೇ ಬೀಳೋನು, ಬೀಳದೇ ಇರೋನು, ಇದು ಬರೀ ಶಕ್ತಿ ವಿಷಯಾನಾ?

ಬರೀ ಶಕ್ತಿ ಅಲ್ಲ. ಕಬಡ್ಡಿ ರೈಡರ್ ನೆನಪಿಸಿಕೊಳ್ಳಿ. ಕಾಲಿಗೆ ಒಬ್ಬ ಬಿದ್ದಾಗ ಸೊಂಟ ತಿರುಗಿಸಿ, ಭಾರವನ್ನು ಇನ್ನೊಂದು ಕಾಲಿಗೆ ಹಾಕಿ ಗೆರೆ ಕಡೆ ಎಳೆದುಕೊಂಡು ಹೋಗುತ್ತಾನೆ ನೋಡಿ, ಅದೇ ಗುಣ. ಇಲ್ಲಿ ಅದನ್ನು ಕಾಂಟ್ಯಾಕ್ಟ್ ಬ್ಯಾಲೆನ್ಸ್ ಅನ್ನುತ್ತಾರೆ. ಪಕ್ಕದಿಂದ ಡಿಕ್ಕಿ ಬಂದಾಗ ನೋಡಬೇಕು, ಎದುರಿನಿಂದ ಬಂದದ್ದಕ್ಕಿಂತ ಅದೇ ಕಷ್ಟ. ಡಿಕ್ಕಿ ಆದ ಮೇಲೆ ಕಾಲು ಓಡುತ್ತಲೇ ಇದೆಯಾ, ಭುಜ ಮಂಡಿಗಿಂತ ಮುಂದೆ ಇದೆಯಾ, ಕೈ ನೆಲಕ್ಕೆ ಊರಿ ಮತ್ತೆ ಎದ್ದನಾ ಅಂತ ಗಮನಿಸಿ. 2024ರಲ್ಲಿ ಜೆಂಟಿ ಓಡಿದ 2,601 ಯಾರ್ಡಿನಲ್ಲಿ ಹೆಚ್ಚಿನ ಪಾಲು ಯಾರಾದರೂ ಅವನನ್ನು ಮುಟ್ಟಿದ ಮೇಲಿನದು. ಶಕ್ತಿಯನ್ನು ಕಾಲೇಜಿನ ಜಿಮ್‌ನಲ್ಲಿ ಬೆಳೆಸಬಹುದು. ಈ ಸಮತೋಲನವನ್ನು ಕಲಿಸಿದ ಕೋಚನ್ನು ನಾನು ಕಂಡಿಲ್ಲ, ಹುಡುಗ ಅದನ್ನು ತಂದೇ ಬರಬೇಕು.

ಬಾಲ್ ಬೀಳಿಸ್ತಾನೆ. ಅವನನ್ನ ಬಿಟ್ಟುಬಿಡಬೇಕಾ?

ಹೇಗೆ ಬೀಳಿಸುತ್ತಾನೆ ಅಂತ ನೋಡಿ. ಬಾಲನ್ನು ಮೈಯಿಂದ ದೂರ ಹಿಡಿದು ಬೀಸಿಕೊಂಡು ಓಡುವುದು ಅಭ್ಯಾಸದ ತಪ್ಪು, ತಿದ್ದಬಹುದು. ಎಡಗಡೆ ಓಡುವಾಗಲೂ ಬಲಗೈಯಲ್ಲೇ ಇದ್ದರೆ ಅದೂ ತಿದ್ದಬಹುದು. ಅಂಗೈ ತೀರಾ ಸಣ್ಣದಿದ್ದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಟೇಲರ್ ವಿಸ್ಕಾನ್ಸಿನ್‌ನಲ್ಲಿದ್ದಾಗಲೂ ಫಂಬಲ್ (ಬಾಲ್ ಬೀಳಿಸುವುದು) ಬಗ್ಗೆ ದೊಡ್ಡ ದೂರು ಇತ್ತು. ಅಷ್ಟಕ್ಕೇ ಅವನನ್ನು ಬಿಟ್ಟಿದ್ದರೆ ನಷ್ಟ ಯಾರಿಗೆ?

ಪಾಸ್ ಹಿಡಿಯೋದು, ಬ್ಲಾಕ್ ಮಾಡೋದು ಹೈಸ್ಕೂಲ್ ಟೇಪಿನಲ್ಲಿ ಕಾಣೋದೇ ಇಲ್ಲವಲ್ಲ?

ನಿಜ, ಇದು ಕಷ್ಟದ ಭಾಗ. ಶಾಲೆಯ ಅತ್ಯುತ್ತಮ ಆಟಗಾರನ ಕೈಗೆ ಬಾಲ್ ಕೊಡುತ್ತಾರೆಯೇ ಹೊರತು ಅವನನ್ನು ಇನ್ನೊಬ್ಬನಿಗೆ ಅಡ್ಡ ನಿಲ್ಲಿಸುವುದಿಲ್ಲ. ಆದರೂ ಸುಳಿವು ಸಿಗುತ್ತದೆ. ಬಾಲ್ ತನ್ನ ಹತ್ತಿರ ಇಲ್ಲದ ಪ್ಲೇಗಳಲ್ಲಿ ಅವನನ್ನೇ ನೋಡಿ. ಕ್ವಾರ್ಟರ್‌ಬ್ಯಾಕ್ ಓಡುವಾಗ ಮುಂದೆ ಹೋಗಿ ಯಾರಿಗಾದರೂ ಡಿಕ್ಕಿ ಕೊಡುತ್ತಾನಾ, ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಾನಾ? ಬಾಲ್ ಹಿಡಿಯುವಾಗ ಕೈ ಚಾಚಿ ಬೆರಳಲ್ಲಿ ಹಿಡಿಯುತ್ತಾನಾ, ಎದೆಗೆ ಬಡಿಸಿಕೊಳ್ಳುತ್ತಾನಾ?

ಇದಕ್ಕೆ ಬೆಲೆ ಎಷ್ಟಿದೆ ಅನ್ನೋದಕ್ಕೆ ಕ್ರಿಶ್ಚಿಯನ್ ಮೆಕ್ಯಾಫ್ರಿ ಸಾಕು. ಕೊಲರಾಡೋದಿಂದ ಸ್ಟ್ಯಾನ್‌ಫರ್ಡ್‌ಗೆ ಹೋದವನು 2015ರಲ್ಲಿ ಓಟ, ಪಾಸ್, ಕಿಕ್ ರಿಟರ್ನ್ ಎಲ್ಲ ಸೇರಿ 3,864 ಯಾರ್ಡ್ ಮಾಡಿ ಬ್ಯಾರಿ ಸ್ಯಾಂಡರ್ಸ್ ಅವರ 3,250ರ ದಾಖಲೆ ಮುರಿದ. ಹಿಡಿಯಲು ಬರದ ಬ್ಯಾಕ್ ಪಾಸ್ ಜಾಸ್ತಿ ಎಸೆಯುವ ಮೂರನೇ ಪ್ರಯತ್ನದಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

ಒಂದು ಕಾಲೇಜಿಗೆ ಬೇಡವಾದ ಹುಡುಗ ಇನ್ನೊಂದು ಕಡೆ ಹೇಗೆ ಮಿಂಚ್ತಾನೆ?

ಆಡುವ ಪದ್ಧತಿ ಬೇರೆ ಇರುತ್ತದೆ. ಔಟ್‌ಸೈಡ್ ಝೋನ್ ಜಾಸ್ತಿ ಓಡುವ ತಂಡಕ್ಕೆ ಪಕ್ಕಕ್ಕೆ ಜೋರಾಗಿ ಹೋಗಿ ಒಂದೇ ಸಲ ಕಾಲೂರಿ ಮೇಲಕ್ಕೆ ತಿರುಗುವ ಹುಡುಗ ಬೇಕು. ಪವರ್, ಕೌಂಟರ್ ಓಡುವ ತಂಡದಲ್ಲಿ ಒಬ್ಬ ಗಾರ್ಡ್ ಆ ಕಡೆಯಿಂದ ಈ ಕಡೆಗೆ ಬಂದು ದಾರಿ ಮಾಡುತ್ತಾನೆ, ಅವನು ಬರುವ ತನಕ ಕಾಯುವ ತಾಳ್ಮೆ, ಬಂದ ಮೇಲೆ ಹಿಂದೆಮುಂದೆ ನೋಡದೆ ನುಗ್ಗುವ ಮನಸ್ಸು ಬೇಕು. ಎಲ್ಲರನ್ನೂ ಅಗಲಕ್ಕೆ ನಿಲ್ಲಿಸುವ ಸ್ಪ್ರೆಡ್ ತಂಡದಲ್ಲಿ ಲೈನಿನ ಹತ್ತಿರ ಆರೇ ಜನ ಡಿಫೆಂಡರ್‌ಗಳು ಇರುತ್ತಾರೆ, ಅಲ್ಲಿ ಓಡಿದವನ ಯಾರ್ಡನ್ನು ಎಂಟು ಜನರ ಎದುರು ಓಡಿದವನ ಯಾರ್ಡಿನ ಜೊತೆ ಹಾಗೇ ಹೋಲಿಸಬಾರದು. ಆಫರ್ ಕೊಟ್ಟ ಕಾಲೇಜು ಯಾವ ಪ್ಲೇ ಜಾಸ್ತಿ ಓಡುತ್ತದೆ ಅಂತ ಅಪ್ಪ ಅಮ್ಮ ಕೇಳುವುದೇ ಇಲ್ಲ. ಸ್ಟೇಡಿಯಂ ದೊಡ್ಡದಿದೆಯಾ ಅಂತ ಮಾತ್ರ ನೋಡುತ್ತಾರೆ. ನನಗೆ ಇದು ಬೇಜಾರಿನ ವಿಷಯ.

ಹೈಸ್ಕೂಲಲ್ಲೇ ಇಷ್ಟು ಓಡಿಸಿದ್ರೆ ಸವೆದು ಹೋಗಲ್ವಾ?

ಹೆದರಿಕೆ ಸಹಜ, ಆದರೆ ಲೆಕ್ಕ ಸುಲಭವಿಲ್ಲ. ಹೆನ್ರಿ 2012ರಲ್ಲಿ, ಹೈಸ್ಕೂಲಿನ ಕೊನೆಯ ವರ್ಷ, 462 ಸಲ ಬಾಲ್ ಹೊತ್ತ. 2015ರಲ್ಲಿ ಕಾಲೇಜಿನಲ್ಲಿ 395 ಸಲ. 2020ರಲ್ಲಿ ಎನ್‌ಎಫ್‌ಎಲ್‌ನಲ್ಲಿ 2,027 ಯಾರ್ಡ್ ಓಡಿದ. ಎಲ್ಲರ ಮೈಯೂ ಹಾಗಿರುವುದಿಲ್ಲ. ನಾನು ಒಟ್ಟು ಸಂಖ್ಯೆಗಿಂತ ಗಾಯದ ಚರಿತ್ರೆ ನೋಡುತ್ತೇನೆ, ಅದರಲ್ಲೂ ಮಂಡಿ ಮತ್ತು ಪಾದದ ಕೀಲು. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ವೈದ್ಯರು ಒಪ್ಪದೆ ಮತ್ತೆ ಆಟಕ್ಕೆ ಇಳಿಸುವ ಮಾತೇ ಬೇಡ, ಯಾವ ಕಾಲೇಜ್ ಕೋಚ್ ನೋಡಲು ಬಂದಿದ್ದರೂ ಸರಿ.

ಐದು ಸ್ಟಾರ್ ಸಿಕ್ಕಿದ್ರೆ ಗೆದ್ದ ಹಾಗೇನಾ? ಮೂರು ಸ್ಟಾರ್ ಆದ್ರೆ ಮುಗೀತಾ?

ಎರಡೂ ಅಲ್ಲ. ಬಿಜಾನ್ ರಾಬಿನ್ಸನ್ ಐದು ಸ್ಟಾರ್, ಟೆಕ್ಸಸ್‌ನಲ್ಲಿ ಆಡಿ 2023ರ ಡ್ರಾಫ್ಟಿನಲ್ಲಿ 8ನೆಯವನಾಗಿ ಹೋದ. ಜೆಂಟಿ ಮೂರು ಸ್ಟಾರ್, 2025ರಲ್ಲಿ 6ನೆಯವನಾಗಿ ಹೋದ. ಲೆವಿಯಾನ್ ಬೆಲ್ ಎರಡು ಸ್ಟಾರಿನಲ್ಲಿ ಮಿಶಿಗನ್ ಸ್ಟೇಟ್ ಸೇರಿದವನು. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಐದು ಸ್ಟಾರಿನವನು ಗೆಲ್ಲುವ ಸಾಧ್ಯತೆಯೇ ಜಾಸ್ತಿ, ಅದನ್ನು ಒಪ್ಪಬೇಕು. ಆದರೆ ಜೆಂಟಿ ಓದಿದ್ದು ಡಲ್ಲಾಸ್ ಪಕ್ಕದ ಫ್ರಿಸ್ಕೋದ ಲೋನ್ ಸ್ಟಾರ್ ಹೈಸ್ಕೂಲ್. ನಮ್ಮವರು ದಂಡಿಯಾಗಿ ಮನೆ ಮಾಡಿಕೊಂಡಿರುವ ಊರು ಅದು, ದೊಡ್ಡ ಕೋಚ್‌ಗಳೆಲ್ಲ ವಿಮಾನ ಇಳಿಯುವ ಜಾಗ. ಆ ಹುಡುಗ ಅಡಗಿ ಕೂತಿರಲಿಲ್ಲ, ಎಲ್ಲರ ಕಣ್ಣೆದುರೇ ಇದ್ದ. ಅಪ್ಪ ನೌಕಾಪಡೆಯಲ್ಲಿದ್ದದ್ದರಿಂದ ಕೆಲವು ವರ್ಷ ಇಟಲಿಯ ನೇಪಲ್ಸ್‌ನಲ್ಲಿದ್ದು ಬಂದವನು. ಪಟ್ಟಿಗಳು ಬೇಗ ತಯಾರಾಗುತ್ತವೆ, ತಡವಾಗಿ ಬಂದವನನ್ನು ಮೇಲಕ್ಕೆ ತರುವುದು ನಿಧಾನ.

ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಹೈಸ್ಕೂಲ್ ಹುಡುಗರನ್ನ ಯಾರು ಕೇಳ್ತಾರೆ?

ಕೇಳುತ್ತಾರೆ, ಮೊದಲಿಗಿಂತ ಕಡಿಮೆ. ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಈ ಪೋರ್ಟಲ್ ಶುರುವಾಗಿದ್ದು 2018ರ ಅಕ್ಟೋಬರಿನಲ್ಲಿ. 2021ರಿಂದ ಕಾಲೇಜು ಬದಲಿಸಿದವರು ಒಂದು ವರ್ಷ ಕೂರದೆ ತಕ್ಷಣ ಆಡಬಹುದು. ಅದೇ ವರ್ಷ ಕೆನೆತ್ ವಾಕರ್ ವೇಕ್ ಫಾರೆಸ್ಟ್ ಬಿಟ್ಟು ಮಿಶಿಗನ್ ಸ್ಟೇಟ್‌ಗೆ ಬಂದು 1,636 ಯಾರ್ಡ್ ಓಡಿದ. ಕೋಚ್‌ಗಳಿಗೆ ಪಾಠವಾಯಿತು: ಕಾಲೇಜಿನವರ ಎದುರೇ ಓಡಿ ತೋರಿಸಿದವನು ಸಿಗುವಾಗ 17ರ ಹುಡುಗನ ಮೇಲೆ ಯಾಕೆ ಪಣ ಕಟ್ಟಬೇಕು? 2024ರಲ್ಲಿ ಚಾಂಪಿಯನ್ ಆದ ಓಹಾಯೊ ಸ್ಟೇಟ್‌ನಲ್ಲಿ ಎರಡೂ ದಾರಿ ಇತ್ತು. ಟ್ರೆವಿಯಾನ್ ಹೆಂಡರ್ಸನ್ ಹೈಸ್ಕೂಲಿನಿಂದ ನೇರ ಬಂದವನು, ಕ್ವಿನ್‌ಶಾನ್ ಜಡ್ಕಿನ್ಸ್ ಓಲ್ ಮಿಸ್‌ನಿಂದ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ಬಂದವನು.

ಇದರಲ್ಲಿ ಹುಡುಗರಿಗೆ ಒಂದು ಒಳ್ಳೆಯದೂ ಇದೆ. ಸಣ್ಣ ಕಾಲೇಜಿನಲ್ಲಿ ಶುರು ಮಾಡುವುದು ಈಗ ಕೊನೆಯಲ್ಲ. ಕ್ಯಾಮ್ ಸ್ಕಾಟೆಬೋ ಸ್ಯಾಕ್ರಮೆಂಟೊ ಸ್ಟೇಟ್‌ನಿಂದ ಹೊರಟು ಅರಿಜೋನಾ ಸ್ಟೇಟ್‌ಗೆ ಬಂದು 2024ರಲ್ಲಿ 1,711 ಯಾರ್ಡ್ ಓಡಿದ. ದೊಡ್ಡ ಕಡೆ ನಾಲ್ಕನೆಯವನಾಗಿ ಕೂರುವುದಕ್ಕಿಂತ ಮೊದಲ ವರ್ಷವೇ ಬಾಲ್ ಸಿಗುವ ಕಡೆ ಹೋಗು ಅಂತಲೇ ನಾನು ಹೇಳುವುದು.

ಬೇಸಿಗೆಯ ಸೆವೆನ್-ಆನ್-ಸೆವೆನ್ ಪಂದ್ಯಕ್ಕೆ ದುಡ್ಡು ಕಟ್ಟಲಾ?

ಹುಡುಗನಿಗೆ ಖುಷಿ ಇದ್ದರೆ ಕಟ್ಟಿ. ಅಲ್ಲಿ ಎದುರಾಳಿಯನ್ನು ಹಿಡಿದು ಕೆಡವುವುದಿಲ್ಲ, ಲೈನ್‌ಮನ್ ಇಲ್ಲ, ಓಟವೂ ಇಲ್ಲ. ಪಾಸ್ ಹಿಡಿಯುವ ಕೈ ತೋರಿಸಬಹುದು, ಅಷ್ಟೇ. ಅದೇ ದುಡ್ಡಿನಲ್ಲಿ ಇಷ್ಟಪಟ್ಟ ಕಾಲೇಜೇ ನಡೆಸುವ ಜೂನ್ ಕ್ಯಾಂಪಿಗೆ ಹೋದರೆ ಆ ಕೋಚ್‌ಗಳೇ ಕಣ್ಣಾರೆ ನೋಡುತ್ತಾರೆ.

ಓದು, ಮಾರ್ಕ್ಸ್ ಇದಕ್ಕೆಲ್ಲ ಬೇಕಾ?

ಬೇಕು. ಕಾಲೇಜ್ ಆಟದ ಅತಿ ಮೇಲಿನ ಮಟ್ಟವಾದ ಡಿವಿಷನ್ 1ರಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಮುಖ್ಯ ಕೋರ್ಸ್ ಮುಗಿಸಿರಬೇಕು, ಅವುಗಳಲ್ಲಿ ಜಿಪಿಎ ಕನಿಷ್ಠ 2.3 ಇರಬೇಕು. ಒಂಬತ್ತನೇ ಕ್ಲಾಸಿನ ಅಂಕವೂ ಲೆಕ್ಕಕ್ಕೆ ಬರುತ್ತದೆ, ಇದು ಹನ್ನೊಂದನೇ ಕ್ಲಾಸಿಗೆ ಬಂದ ಮೇಲೆ ಗೊತ್ತಾಗುವ ಮನೆಗಳೇ ಜಾಸ್ತಿ. ಐವಿ ಲೀಗ್, ಡಿವಿಷನ್ 3 ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಅಲ್ಲಿ ಓದೇ ಬಾಗಿಲು. ಹೈಸ್ಕೂಲ್ ಫುಟ್‌ಬಾಲ್ ಆಡುವ ನೂರು ಹುಡುಗರಲ್ಲಿ ಕಾಲೇಜ್ ಮಟ್ಟಕ್ಕೆ ಹೋಗುವವರು ಏಳರ ಆಸುಪಾಸು. ಉಳಿದ 93 ಹುಡುಗರ ಕೈ ಹಿಡಿಯುವುದು ಏನು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಒಂದೇ ಒಂದು ಆಟ ನೋಡೋಕೆ ಟೈಮ್ ಇದೆ. ಯಾವುದು ನೋಡಲಿ?

ಅವನ ತಂಡ ಸೋತ ಆಟ. ಸಾಧ್ಯವಾದರೆ ಆ ಸೀಸನ್ನಿನ ಅತಿ ಗಟ್ಟಿ ಎದುರಾಳಿಯ ವಿರುದ್ಧದ್ದು. ಮೊದಲ ಅರ್ಧ ಬೇಕಾದರೆ ಓಡಿಸಿ ನೋಡಿ, ನಾಲ್ಕನೇ ಕ್ವಾರ್ಟರ್ ಮಾತ್ರ ಪೂರ್ತಿ ನೋಡಿ. ತಂಡ 20 ಪಾಯಿಂಟ್ ಹಿಂದಿದೆ, ಮೈ ನೋಯುತ್ತಿದೆ, ಎದುರಿನವರಿಗೆ ಬಾಲ್ ಇವನ ಕೈಗೇ ಬರುತ್ತದೆ ಅಂತ ಗೊತ್ತಿದೆ. ಆಗಲೂ ಲೈನ್‌ಮನ್ ಹಿಂದೆ ಆ ಒಂದು ಹೆಜ್ಜೆ ಕಾಯುತ್ತಾನಾ, ಕೆಳಗೆ ಬಿದ್ದ ತನ್ನ ಲೈನ್‌ಮನ್ನನ್ನು ಕೈ ಕೊಟ್ಟು ಎಬ್ಬಿಸುತ್ತಾನಾ, ಬಾಲ್ ಎರಡು ಕೈಯಲ್ಲಿ ಮುಚ್ಚಿಕೊಳ್ಳುತ್ತಾನಾ ನೋಡಿ. ಅಷ್ಟು ನೋಡಿ ಆಯಿತು ಅಂದರೆ ಅವನ ಹೈಸ್ಕೂಲ್ ಕೋಚಿಗೆ ಫೋನ್ ಮಾಡಿ, ಸೋಮವಾರದ ಪ್ರಾಕ್ಟೀಸಿಗೆ ಎಷ್ಟು ಹೊತ್ತಿಗೆ ಬಂದ ಅಂತ ಕೇಳಿ.